ಉದ್ದ ಕೊಕ್ಕು, ಗಿಡ್ಡ ಕೊಕ್ಕು

ಅದು ಮಂಗಳವಾರ. ನಮ್ಮವರು ಬದುಕಿದ್ದ ಕೊನೆಯ ಪೂರ್ತಿ ದಿನ. ವಿಶೇಷವೇನೂ ನಡೆಯಲಿಲ್ಲ. ಬೆಳಗ್ಗೆ ಕಿಟಕಿ ಪಕ್ಕದ ಮೇಜಿಗೆ ಕೂತರು. ಮಸಿ ಗಟ್ಟಿಯಾಗಿದೆ ಎಂದು ಗೊಣಗಿದರು. ನಾನು ನಾಲ್ಕು ಹನಿ ನೀರು ಹಾಕಿಕೊಟ್ಟೆ. ಈಗ ನೀರಾಯಿತು ಎಂದು ಮತ್ತೆ ಗೊಣಗಿದರು. "ಹಾಗಾದ್ರೆ ನೀವೇ ಕಲಸ್ಕೊಳ್ಳಿ" ಎಂದು ನಾನು ಬಟ್ಟೆ ಒಗೆಯಲು ಎದ್ದು ಹೋದೆ.

ಸಂಜೆ ಐದಕ್ಕೆ ಲೇಖನಿ ಕೆಳಗಿಟ್ಟರು. ಬೆರಳು ನೆಟಿಗೆ ತೆಗೆದರು.

"ಮುಗೀತು ಕಣೇ. ಇಪ್ಪತ್ತೆರಡೂ ಮುಗೀತು. ನಾಳೆಯಿಂದ ನಿನ್ನ ಸರದಿ."

"ಎಷ್ಟು ದಿನ ಇದೆ?"

"ಬೇಕಾದಷ್ಟಿದೆ. ಆದ್ರೆ ಕೊನೇ ಹಾಳೇಲಿ ಒಂದು ಕೊಕ್ಕು ಇದೆ. ಉದ್ದಾನೋ ಗಿಡ್ಡಾನೋ ನಂಗೇ ತಿಳೀಲಿಲ್ಲ. ನಾಳೆ ಇಬ್ರೂ ಕೂತು ನೋಡೋಣ."

"ಈಗ್ಲೇ ನೋಡಿ ಮುಗಿಸಿಬಿಡೋಣ ರೀ."

"ಬೆಳಕು ಹೋಯ್ತು. ಕೊಕ್ಕೇನು ಹಾರಿಹೋಗುತ್ತಾ?"

ಬುಧವಾರ ಬೆಳಗ್ಗೆ ಹಾಲಿಗೆಂದು ಹೊರಟರು. ಬೂಟಿನ ದಾರ ಕಟ್ಟಲು ಬಾಗಿದರು. ಏಳಲಿಲ್ಲ. ಡಾಕ್ಟರು ಬಂದು ಹೃದಯ ಎಂದರು. ನೋವು ಗೊತ್ತಾಗಿರುವುದಿಲ್ಲ ಎಂದೂ ಹೇಳಿದರು. ಅವರು ಹಾಗೆ ಹೇಳಿದ್ದು ನನಗೆ ದೊಡ್ಡ ಉಪಕಾರ.

ನಮ್ಮವರ ಕೆಲಸ ಏನೆಂದು ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮ ಬೀದಿಯ ಕೊನೆಗೆ ವಾದ್ಯಗೋಷ್ಠಿಯ ಸಭಾಂಗಣವಿದೆ. ಅಲ್ಲಿ ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಕೂತು ನುಡಿಸುತ್ತಾರೆ. ಸಂಗೀತ ಕಟ್ಟಿದವರು ಎಲ್ಲ ವಾದ್ಯದ್ದನ್ನೂ ಒಂದು ದೊಡ್ಡ ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದಿರುತ್ತಾರೆ. ಕೊಳಲಿನವರಿಗೆ ಕೊಳಲಿನ ಸಾಲು ಮಾತ್ರ ಬೇಕು. ಪಿಟೀಲಿನವರಿಗೆ ಪಿಟೀಲಿನದು. ಆ ದೊಡ್ಡ ಪುಸ್ತಕದಿಂದ ಒಬ್ಬೊಬ್ಬರ ಸಾಲನ್ನು ಬೇರೆ ಬೇರೆ ಹಾಳೆಗೆ ಕೈಯಲ್ಲಿ ನಕಲು ಮಾಡುವುದು ನಮ್ಮವರ ಕೆಲಸ. ಈಗ ಅದಕ್ಕೆ ಯಂತ್ರ ಬಂದಿದೆ. ಆದರೂ ನಮ್ಮವರ ಹಾಳೆ ಓದಲು ಹಿತ ಎಂದು ಅಲ್ಲಿಯವರು ಅವರನ್ನು ಬಿಟ್ಟಿರಲಿಲ್ಲ. ಸ್ವರಗಳು ಇರುವೆಗಳು ಸಾಲಾಗಿ ಹೊರಟ ಹಾಗೆ ಕಾಣುತ್ತಿದ್ದವು. ಅದಕ್ಕೇ ಅವರಿಗೆ ಅಲ್ಲಿ 'ಇರುವೆ ಮಾಮ' ಎಂದು ಹೆಸರು.

ಮೊದಲು ಅವರೇ ಕ್ಲಾರಿನೆಟ್ ಊದುತ್ತಿದ್ದರು. ಮದುವೆಯಾದ ಎರಡನೇ ವರ್ಷ ಸಭಾಂಗಣದ ಮೆಟ್ಟಿಲ ಮೇಲೆ ಜಾರಿ ಮುಂದಿನ ಎರಡು ಹಲ್ಲು ಹೋದವು. ಕಟ್ಟಿಸಿದ ಹಲ್ಲಿನಲ್ಲಿ ಗಾಳಿ ನಿಲ್ಲಲಿಲ್ಲ. ಮೂರು ತಿಂಗಳು ಮನೆಯಲ್ಲಿ ಸುಮ್ಮನೆ ಕೂತರು. ಆಮೇಲೆ ಒಂದು ದಿನ ಮಸಿ ಬುಡ್ಡಿ ತಂದರು. "ಬಾಯಲ್ಲಿ ಊದೋದು ಮುಗೀತು, ಇನ್ನು ಕೈಯಲ್ಲಿ ಊದ್ತೀನಿ" ಎಂದರು. ಅಳಲಿಲ್ಲ. ಅತ್ತವಳು ನಾನು.

ಅವರ ಕೈ ದಪ್ಪ. ಸ್ವರದ ಗುಂಡು ತಲೆ ಚೆನ್ನಾಗಿ ಬರುತ್ತಿತ್ತು. ಸಣ್ಣ ಗೆರೆ ಎಳೆಯಲು ಹೋದರೆ ನಡುಗುತ್ತಿತ್ತು. ನಾನು ಮದುವೆಗೆ ಮೊದಲು ಹೊಲಿಗೆ ಅಂಗಡಿಯಲ್ಲಿ ಗುಂಡಿಯ ಕಾಜಾ ಹೊಲಿಯುತ್ತಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಒಂದು ದಿನ ಅವರು ನನ್ನ ಕಾಜಾ ಹಿಡಿದು ಬೆಳಕಿಗೆ ನೋಡಿದರು. "ಈ ಕೈಗೆ ಸೂಜಿ ಬದಲು ಸಣ್ಣ ಲೇಖನಿ ಕೊಟ್ರೆ ಹೇಗೆ?" ಎಂದರು. ಅಂದಿನಿಂದ ಸ್ವರ ಅವರದು, ಗುರುತು ನನ್ನದು.

ಗುರುತು ಎಂದರೆ, ಸ್ವರವನ್ನು ಹೇಗೆ ನುಡಿಸಬೇಕು ಎಂದು ಹೇಳುವ ಚಿಹ್ನೆ. ಸ್ವರ ಬರೆದು ಒಂದು ದಿನ ಒಣಗಬೇಕು. ಆಮೇಲೆ ನಾನು ಕೂರಬೇಕು. ನನಗೆ ಸ್ವರ ಓದಲು ಬರುವುದಿಲ್ಲ, ಇವತ್ತಿಗೂ ಬರುವುದಿಲ್ಲ. ಆದರೆ ಸಾಲನ್ನು ಕಡಿಯುವ ನಿಂತ ಗೆರೆಗಳ ನಡುವಿನ ಮನೆ ಎಣಿಸಿ, ದೊಡ್ಡ ಪುಸ್ತಕದಲ್ಲಿ ಎಲ್ಲಿದೆಯೋ ಹಾಳೆಯಲ್ಲಿ ಅಲ್ಲೇ ಗುರುತು ಹಾಕುವುದು ಬರುತ್ತದೆ. ಅದರ ಅರ್ಥ ಬರುತ್ತದೆ. ಅರ್ಥ ಗೊತ್ತಿಲ್ಲದೆ ಹಾಕಬೇಡ ಎಂದು ಅವರು ಒಂದೊಂದನ್ನೂ ಹೇಳಿಕೊಟ್ಟರು.

ಪಿ ಎಂಬ ಅಕ್ಷರ ಇದ್ದರೆ ಮೆಲ್ಲಗೆ. ಮನೆಯಲ್ಲಿ ಮಗು ಮಲಗಿದೆ. ಎರಡು ಪಿ ಇದ್ದರೆ, ಮಗು ಈಗಷ್ಟೇ ಮಲಗಿತು. ಎಫ್ ಎಂದರೆ ಜೋರು, ಬೀದಿಯ ಆಚೆ ಬದಿಯವರನ್ನು ಕರೆದ ಹಾಗೆ. ಸ್ವರದ ಮೇಲೆ ಚುಕ್ಕೆ ಇದ್ದರೆ ಬಿಸಿ ಪಾತ್ರೆ ಮುಟ್ಟಿ ಕೈ ತೆಗೆದ ಹಾಗೆ. ಬಿಲ್ಲಿನಂತೆ ಬಾಗಿದ ಗೆರೆ ಇದ್ದರೆ ಅಷ್ಟೂ ಒಂದೇ ಉಸಿರು. ಚುಕ್ಕೆಯ ಮೇಲೆ ಹುಬ್ಬು ಇದ್ದರೆ, ಕೋಲು ಹಿಡಿದು ನಿಂತವರು ಸಾಕು ಎನ್ನುವ ತನಕ ನಿಲ್ಲಬೇಕು.

ನಾನು ಒಮ್ಮೆ ಕೇಳಿದೆ. "ಮೆಲ್ಲಗೆ ಅಂದ್ರೆ ಎಷ್ಟು ಮೆಲ್ಲಗೆ? ಅಳತೆ ಬೇಡ್ವಾ?"

"ಅಳತೆ ಹಾಳೇಲಿ ಇರಲ್ಲ. ಮನೇಲಿ ಯಾರಿದ್ದಾರೆ ನೋಡ್ಕೊಂಡು ಮಾತಾಡ್ತೀಯಲ್ಲ, ಹಾಗೆ. ಕಹಳೆಯವನ ಮೆಲ್ಲಗೆ ಇದೆಯಲ್ಲ, ಅದು ಕೊಳಲಿನವಳ ಜೋರು. ಅವಳ ದನಿ ಕೇಳಿಸ್ತಿದೆಯಾ ಅಂತ ಅವನೇ ಕಿವಿ ಕೊಡ್ಬೇಕು."

"ಕೊಡದಿದ್ರೆ?"

"ಕೊಡದಿದ್ರೆ ನಿಮ್ಮಣ್ಣನ ಹಾಗೆ."

ನಮ್ಮಣ್ಣ ಫೋನಿನಲ್ಲಿ ಮಾತಾಡಿದರೆ ಫೋನೇ ಬೇಕಾಗಿರಲಿಲ್ಲ. ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಆದರೆ ಪಾಠ ಮರೆಯಲಿಲ್ಲ.

ಇನ್ನು ಕೊಕ್ಕು. ಹಕ್ಕಿಯ ಕೊಕ್ಕಿನಂತೆ ಎರಡು ಗೆರೆ, ಎಡಕ್ಕೆ ತೆರೆದು ಬಲಕ್ಕೆ ಕೂಡುತ್ತದೆ. ಉದ್ದಕ್ಕೆ ಎಳೆದಿದ್ದರೆ ಸದ್ದು ಬರಬರುತ್ತಾ ಸಣ್ಣಗಾಗಬೇಕು. ಗಿಡ್ಡದಾಗಿ ಒಂದೇ ಸ್ವರದ ಮೇಲೆ ಇದ್ದರೆ ಅದು ಒತ್ತು. ಆ ಸ್ವರವನ್ನು ತಟ್ಟಿ ಹೇಳಬೇಕು. ಆಕಾರ ಒಂದೇ. ಉದ್ದ ಬೇರೆ. ಬರೆದವರು ಅವಸರದಲ್ಲಿದ್ದರೆ ಎರಡೂ ಅಲ್ಲದ ಉದ್ದಕ್ಕೆ ಎಳೆದುಬಿಡುತ್ತಾರೆ. ಆಗ ನಮ್ಮವರು ಹೋಗಿ ಬರೆದವರನ್ನೇ ಕೇಳಿ ಬರುತ್ತಿದ್ದರು. ಒಂದು ಕೊಕ್ಕಿಗೋಸ್ಕರ ಎರಡು ಬಸ್ಸು ಬದಲಾಯಿಸಿ ಹೋಗಿ ಬಂದದ್ದುಂಟು. "ಇಲ್ಲದ್ದು ಹಾಕಬಾರದು, ಇದ್ದದ್ದು ಬಿಡಬಾರದು. ನಮ್ಮ ಕೆಲಸ ಅಷ್ಟೇ" ಎನ್ನುತ್ತಿದ್ದರು.

ಈ ಸಲ ಕೇಳಲು ಬರೆದವರಿರಲಿಲ್ಲ. ಅವರು ಸಭಾಂಗಣದ ಹಳೆಯ ಮೇಷ್ಟ್ರು, ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಬೀರುವಿನ ಹಿಂದೆ ಬಿದ್ದಿದ್ದ ಅವರ ಪುಸ್ತಕ ಸಿಕ್ಕಿತ್ತು. ಯಾರೂ ಒಮ್ಮೆಯೂ ನುಡಿಸಿರಲಿಲ್ಲ.

ಎಲ್ಲ ಮುಗಿದ ಮೇಲೆ, ಶುಕ್ರವಾರ, ಕೋಲಿನವರು ಮನೆಗೆ ಬಂದರು. ವಾದ್ಯಗೋಷ್ಠಿಯನ್ನು ಕೋಲು ಹಿಡಿದು ನಡೆಸುವವರು. ಬಾಗಿಲಲ್ಲೇ ನಿಂತು ಟೋಪಿ ತೆಗೆದರು. ಕೂರಿ ಎಂದೆ. ಕೂತರು.

"ಅಮ್ಮಾ, ಈ ಹೊತ್ತಲ್ಲಿ ಕೇಳಬಾರದು. ಆದ್ರೆ ಬರೋ ಶುಕ್ರವಾರ ನಮ್ಮ ಮೊದಲ ಅಭ್ಯಾಸ. ಮಾಮ ಎಲ್ಲಿವರೆಗೆ ಬರೆದಿದ್ರು?"

"ಸ್ವರ ಪೂರ್ತಿ ಆಗಿದೆ. ಗುರುತು ಒಂದೂ ಇಲ್ಲ."

ಅವರು ಹಾಳೆ ತಿರುವಿ ನೋಡಿದರು. ಬಾಯಲ್ಲಿ ಚ್ ಚ್ ಎಂದರು. "ಗುರುತಿಲ್ಲದೆ ನುಡಿಸೋಕಾಗಲ್ಲ. ಬೇರೆಯವರ ಕೈಲಿ ಹಾಕಿಸಿದ್ರೆ ಸರಿ ಕೂರಲ್ಲ. ಯಂತ್ರದವರಿಗೇ ಕೊಟ್ಟು ಮೊದಲಿಂದ ಮಾಡಿಸ್ತೀನಿ. ಈ ಹಾಳೆಗಳನ್ನ ನೀವು ನೆನಪಿಗೆ ಇಟ್ಕೊಳ್ಳಿ."

ನಮ್ಮವರು ಏಳು ವಾರ ಬೆನ್ನು ಬಗ್ಗಿಸಿ ಬರೆದದ್ದು. ಅವರ ಕೊನೆಯ ಬರವಣಿಗೆ. ಅದು ನುಡಿಸುವವರ ಮುಂದೆ ಹೋಗಿ ನಿಲ್ಲಬೇಕು. ನನ್ನ ಪೆಟ್ಟಿಗೆಯಲ್ಲಿ ನೆನಪಾಗಿ ಕೂತು ಏನು ಮಾಡುತ್ತದೆ?

"ಗುರುತು ನಾನು ಹಾಕ್ತೀನಿ" ಎಂದೆ.

"ನೀವಾ?"

"ಇಪ್ಪತ್ತಾರು ವರ್ಷದಿಂದ ನಾನೇ ಹಾಕ್ತಿರೋದು."

ಅವರು ನನ್ನನ್ನೇ ನೋಡಿದರು. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ನಮ್ಮವರು ಈ ವಿಷಯ ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. ಕೋಲಿನವರು ದೊಡ್ಡ ಪುಸ್ತಕ ತೆರೆದು ಒಂದು ಕಡೆ ಬೆರಳಿಟ್ಟರು.

"ಇದೇನು ಹೇಳಿ ನೋಡೋಣ."

"ಮಗು ಈಗಷ್ಟೇ ಮಲಗಿತು."

"ಏನಂದ್ರಿ?"

"ಎರಡು ಪಿ. ಆಮೇಲೆ ಇಲ್ಲಿಂದ ಉದ್ದ ಕೊಕ್ಕು ತಿರುಗಿ ನಿಂತಿದೆ, ಬಲಕ್ಕೆ ಬಾಯಿ. ಸದ್ದು ಬೆಳೀಬೇಕು. ಇಲ್ಲಿ ಬೀದಿಯಾಚೆಯವರನ್ನ ಕರೀಬೇಕು. ಇಲ್ಲಿ ನೀವು ಸಾಕು ಅನ್ನೋ ತನಕ ನಿಲ್ಲಬೇಕು."

ಅವರ ಮುಖ ಸಡಿಲವಾಯಿತು. "ಇಷ್ಟು ಚೆನ್ನಾಗಿ ನಮ್ಮ ಪಿಟೀಲಿನವರಿಗೇ ಗೊತ್ತಿಲ್ಲ" ಎಂದರು. ಗುರುವಾರ ಸಂಜೆಯೊಳಗೆ ಇಪ್ಪತ್ತೆರಡೂ ಕೊಟ್ಟರೆ ಇದನ್ನೇ ನುಡಿಸುತ್ತೇವೆ, ಒಂದು ಉಳಿದರೂ ಯಂತ್ರ ಎಂದರು. ಒಪ್ಪಿದೆ. ಅವರು ಆ ದಿನ ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಅವರಿಗೆ ಒಳ್ಳೆಯದಾಗಲಿ.

ಶನಿವಾರ ಕೂತೆ. ನಾದಿನಿ, ನಮ್ಮವರ ತಂಗಿ, ನನ್ನ ಜೊತೆಗಿರಲು ಬಂದಿದ್ದಳು. ಮೇಜಿನ ಮುಂದೆ ನನ್ನನ್ನು ನೋಡಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅತ್ತಿಗೆ, ಅಣ್ಣ ಹೋಗಿ ವಾರ ಆಗಿಲ್ಲ. ಆಗ್ಲೇ ಮಸಿ ಹಿಡಿದು ಕೂತ್ರಾ? ನೋಡಿದವ್ರು ಏನಂದಾರು?"

"ಕೈ ಚೆನ್ನಾಗಿದೆ ಅಂದಾರು. ಬೆಳಕಿಗೆ ಅಡ್ಡ ನಿಂತಿದ್ದೀಯ, ಆಚೆ ಸರಿ."

ಸರಿದಳು. ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುವ ಸದ್ದು ಕೇಳಿಸಿತು. ಅದಕ್ಕೆ ಎಫ್ ಎರಡು ಹಾಕಬಹುದಿತ್ತು.

ಕೊಳಲಿನಿಂದ ಶುರು ಮಾಡಿದೆ. ಮನೆ ಎಣಿಸು, ಗುರುತು ಹಾಕು, ಮಸಿ ಹೀರುವ ಒತ್ತುಕಾಗದ ಇಡು. ದಿನಕ್ಕೆ ಐದಾರು ವಾದ್ಯ. ಸ್ವರದ ಒಂದೊಂದು ಗುಂಡಿನಲ್ಲೂ ಅವರ ಕೈ ಕಾಣುತ್ತಿತ್ತು. ಎಲ್ಲಿ ಮಸಿಗೆ ಅದ್ದಿದರು, ಎಲ್ಲಿ ಕೆಮ್ಮಿದರು, ಎಲ್ಲಿ ಎದ್ದು ಹೋಗಿ ಬಂದು ಕೂತರು ಎಂದು ನನಗೆ ತಿಳಿಯುತ್ತಿತ್ತು. ಆ ನಾಲ್ಕು ದಿನ ನಾನು ಒಂಟಿ ಎನಿಸಲಿಲ್ಲ. ಸುಳ್ಳು ಹೇಳಿ ಏನಾಗಬೇಕು, ಕಣ್ಣು ತುಂಬುತ್ತಿತ್ತು. ಹಾಳೆಯ ಮೇಲೆ ಬೀಳದ ಹಾಗೆ ಮುಖ ಪಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದೆ.

ಕೊನೆಯ ಮನೆಯ ಕೊಕ್ಕಿಗೆ ಮೊದಲ ದಿನವೇ ಬಂದೆ. ಎಲ್ಲರೂ ಒಟ್ಟಿಗೆ ಹಿಡಿಯುವ ಒಂದು ನೀಳ ಸ್ವರ. ಅದರ ಮೇಲೆ ಕಿರುಬೆರಳ ಉಗುರಿನಷ್ಟು ಉದ್ದದ ಕೊಕ್ಕು. ಒತ್ತಿಗೆ ಜಾಸ್ತಿ, ಇಳಿಸುವುದಕ್ಕೆ ಕಡಿಮೆ. ಬಹಳ ಹೊತ್ತು ನೋಡಿದೆ. ಕೊನೆಗೆ ಉದ್ದಕ್ಕೇ ಎಳೆದೆ. ಸದ್ದು ಮೆಲ್ಲಗೆ ಕರಗಿ ಮುಗಿಯಲಿ ಎಂದು. ಕೊನೆ ಎಂದ ಮೇಲೆ ಹಾಗೇ ತಾನೇ ಇರಬೇಕು ಎಂದುಕೊಂಡೆ. ಆಮೇಲೆ ಒಂದಾದ ಮೇಲೊಂದು ಅದನ್ನೇ ಹಾಕುತ್ತಾ ಹೋದೆ. ಇಪ್ಪತ್ತೊಂದು ಹಾಳೆಗೆ.

ಇಪ್ಪತ್ತೆರಡನೆಯದು ನಗಾರಿ. ನಗಾರಿ ಯಾವಾಗಲೂ ಕೊನೆ. ಮೇಷ್ಟ್ರು, ದೊಡ್ಡ ಪುಸ್ತಕದ ಪುಟದಲ್ಲಿ ಸಾಲು ಸಾಲದೆ, ನಗಾರಿಯದನ್ನು ಹಿಂದೆ ಬೇರೆ ಹಾಳೆಯಲ್ಲಿ ಬರೆದಿದ್ದರು. ಬುಧವಾರ ಬೆಳಗ್ಗೆ ಆ ಹಾಳೆ ತೆಗೆದೆ. ಕೊನೆಯ ಮನೆಯಲ್ಲಿ ನಗಾರಿಗೆ ಒಂದೇ ಏಟು. ಏಟಾದ ಮೇಲೆ ಸುಮ್ಮನಿರು ಎಂಬ ಗುರುತು. ಆ ಒಂದೇ ಏಟಿನ ಮೇಲೆ ಅದೇ ಕೊಕ್ಕು, ಅದೇ ಉದ್ದ.

ಲೇಖನಿ ಕೆಳಗಿಟ್ಟೆ. ಒಂದು ಏಟು ಬರಬರುತ್ತಾ ಸಣ್ಣಗಾಗುವುದು ಹೇಗೆ? ಬಾಗಿಲು ಒಮ್ಮೆ ತಟ್ಟಿದರೆ ತಟ್ಟಿದ್ದೇ. ಮೇಷ್ಟ್ರು ಎಲ್ಲರಿಗೂ ಒಂದೇ ಮಾತು ಹೇಳಿದ್ದರು. ಅದು ಇಳಿಸುವುದಲ್ಲ. ಒತ್ತು. ಕೊನೆಯ ಸ್ವರವನ್ನು ತಟ್ಟಿ ಹೇಳಿ ಎಂದು.

ಇಪ್ಪತ್ತೊಂದು ಹಾಳೆಯಲ್ಲಿ ನಾನು ಇಲ್ಲದ್ದನ್ನು ಹಾಕಿದ್ದೆ. ಮೇಷ್ಟ್ರ ಮನಸ್ಸಲ್ಲಿ ಇದ್ದದ್ದಲ್ಲ ಅದು, ನನ್ನ ಮನಸ್ಸಲ್ಲಿ ಇದ್ದದ್ದು. ಕರಗಿ ಹೋಗಬೇಕು ಎಂದು ಆ ದಿನಗಳಲ್ಲಿ ಅನಿಸುತ್ತಿದ್ದದ್ದು ನನಗೆ.

ಹಾಗೇ ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಗಾರಿಯದೊಂದನ್ನು ಗಿಡ್ಡ ಮಾಡಿ ಕೊಟ್ಟರೆ ಮುಗಿಯಿತು. ಗುರುವಾರಕ್ಕೆ ಒಂದೂವರೆ ದಿನ ಇತ್ತು. ಕೆರೆಯಲು ಹೋಗಿ ಹಾಳೆ ಹರಿದರೆ ಎಲ್ಲ ಯಂತ್ರದವರ ಪಾಲು. ಐದು ನಿಮಿಷ ಕೂತು ಯೋಚಿಸಿದೆ. ಆಮೇಲೆ ಬ್ಲೇಡು ತೆಗೆದೆ.

ಮಸಿ ಕೆರೆಯುವುದು ಸುಲಭವಲ್ಲ. ಬ್ಲೇಡನ್ನು ಮಲಗಿಸಿ, ಉಸಿರು ಹಿಡಿದು, ಕಾಗದದ ಮೇಲಿನ ಪದರ ಮಾತ್ರ ತೆಗೆಯಬೇಕು. ಆಮೇಲೆ ಚಮಚದ ಬೆನ್ನಿನಿಂದ ತಿಕ್ಕಿ ನುಣ್ಣಗೆ ಮಾಡಬೇಕು. ಇಲ್ಲದಿದ್ದರೆ ಹೊಸ ಮಸಿ ಹರಡುತ್ತದೆ. ಮೂರನೆಯದರಲ್ಲೇ ತೂತಾಯಿತು. ನಾನು ಜೋರಾಗಿ ಏನೋ ಅಂದಿರಬೇಕು. ನಾದಿನಿ ಓಡಿ ಬಂದಳು.

"ಏನಾಯ್ತು? ಕೈ ಕುಯ್ಕೊಂಡ್ರಾ?"

"ಕೈ ಆದ್ರೆ ಪರವಾಗಿರಲಿಲ್ಲ."

ಹೇಳಿದೆ. ಅವಳು ಕೊನೆಯ ಮನೆ ನೋಡಿದಳು, ನನ್ನನ್ನು ನೋಡಿದಳು. "ಅಣ್ಣ ಇದ್ದಿದ್ರೆ ಏನ್ ಮಾಡ್ತಿದ್ದ?"

"ಕೆರೀತಿದ್ರು. ನನ್ನನ್ನ ಬೈತಾ ಕೆರೀತಿದ್ರು."

"ಬೈಯೋದು ನಾನು ನೋಡ್ಕೋತೀನಿ, ನೀವು ಕೆರೀರಿ" ಎಂದಳು. ಸೆರಗು ಬಿಗಿದು ಎದುರಿಗೆ ಕೂತಳು. ಒಂದೊಂದು ಹಾಳೆಯನ್ನೂ ಕಿಟಕಿಯ ಗಾಜಿಗೆ ಹಿಡಿದು ಎಲ್ಲಿ ತೆಳ್ಳಗಾಗಿದೆ ಎಂದು ನನಗೆ ಹೇಳುತ್ತಿದ್ದಳು. ಚಮಚದಿಂದ ತಿಕ್ಕಿದ್ದೆಲ್ಲ ಅವಳೇ. ತೂತಾದ ಹಾಳೆಗೆ ಹಿಂದಿನಿಂದ ಕಾಗದದ ಚೂರು ಅಂಟಿಸಿದ್ದೂ ಅವಳೇ. ಬೈಗುಳ ಹೇಳಿದ ಹಾಗೇ ನಡೆಸಿದಳು. "ಇಷ್ಟುದ್ದ ಯಾಕೆ ಎಳೆದ್ರಿ, ಬಟ್ಟೆ ಒಣಗಿ ಹಾಕೋಕಾ?" ಎಂದಳು. ಆ ವಾರದಲ್ಲಿ ಮೊದಲ ಸಲ ನಕ್ಕೆ. ನಕ್ಕದ್ದಕ್ಕೆ ಇಬ್ಬರೂ ಅತ್ತೆವು. ಅವಳು ಹಾಳೆಗಳನ್ನು ದೂರ ಸರಿಸಿ ಅತ್ತಳು, ಅಷ್ಟು ಎಚ್ಚರ. ಮದುವೆಯಾದಾಗಿನಿಂದ ಅವಳಿಗೆ ನನ್ನನ್ನು ಕಂಡರೆ ಆಗುವುದಿಲ್ಲ ಎಂದುಕೊಂಡಿದ್ದೆ. ಆಗದಿದ್ದವಳು ಎರಡು ದಿನ ಚಮಚ ಹಿಡಿದು ಕೂರುವುದಿಲ್ಲ.

ಗುರುವಾರ ನಾಲ್ಕೂವರೆಗೆ ಮುಗಿಯಿತು. ಇಬ್ಬರೂ ಹೊತ್ತುಕೊಂಡು ಹೋಗಿ ಕೊಟ್ಟೆವು.

ಶುಕ್ರವಾರ ಅಭ್ಯಾಸಕ್ಕೆ ಬನ್ನಿ ಎಂದು ಕೋಲಿನವರು ಕರೆದರು. ಹಿಂದಿನ ಬೆಂಚಿನಲ್ಲಿ ನಾದಿನಿ ಪಕ್ಕ ಕೂತೆ. ನುಡಿಸುವವರೆಲ್ಲ ಬರುತ್ತಾ ನನ್ನ ಕಡೆ ತಲೆ ಬಾಗಿಸಿದರು. ಇಪ್ಪತ್ತೆರಡು ಜನರ ಮುಂದೆಯೂ ನಮ್ಮವರ ಹಾಳೆ ನಿಂತಿತು.

ನುಡಿಸಿದರು. ಅಲ್ಲಲ್ಲಿ ನಿಲ್ಲಿಸಿ ಮತ್ತೆ ನುಡಿಸಿದರು. ಎರಡು ಪಿ ಇದ್ದ ಕಡೆ ಕಹಳೆಯವರು ಕೊಳಲಿನವಳ ಕಡೆ ಕಿವಿ ಓರೆ ಮಾಡಿದ್ದನ್ನು ನಾನು ಕಂಡೆ. ಕೊನೆಯ ಮನೆಗೆ ಬಂದಾಗ ಕೋಲಿನವರು ಕೈಯನ್ನು ಮೆಲ್ಲಗೆ ಇಳಿಸುತ್ತಾ ಹೋದರು. ನುಡಿಸುವವರು ಹಾಳೆ ನೋಡಿ ತಟ್ಟಿದರು. ಅರ್ಧ ಹೀಗೆ ಅರ್ಧ ಹಾಗೆ ಆಗಿ ಎಲ್ಲ ಕಲಸಿಹೋಯಿತು. ಕೋಲಿನವರು ನಿಲ್ಲಿಸಿ ಹಿಂದಕ್ಕೆ ತಿರುಗಿದರು.

"ಅಮ್ಮಾ, ಕೊನೇಲಿ ಗಿಡ್ಡ ಹಾಕಿದ್ದೀರಿ. ನಾನು ಪುಸ್ತಕದಲ್ಲಿ ಉದ್ದ ಅಂತ ಓದಿದ್ದೆ. ತಪ್ಪಾಯ್ತಾ?"

ಎಲ್ಲರೂ ತಿರುಗಿದರು. ನಾನು ಎದ್ದು ನಿಂತೆ.

"ನಾನೂ ಮೊದಲು ಹಾಗೇ ಓದಿದ್ದೆ ಸ್ವಾಮಿ. ಇಪ್ಪತ್ತೊಂದು ಹಾಳೆಗೆ ಉದ್ದ ಹಾಕಿ ಕೆರೆದಿದ್ದೀನಿ. ನಗಾರಿಯವರದ್ದು ನೋಡಿ. ಅವರಿಗೆ ಒಂದೇ ಏಟು."

ನಗಾರಿಯವರು ದೊಡ್ಡ ಆಳು. ಎಪ್ಪತ್ತು ಮನೆ ಎಣಿಸಿ ಒಂದು ಏಟು ಹೊಡೆಯುವವರು. ಹಾಳೆ ಎತ್ತಿ ಮೂಗಿನ ಹತ್ತಿರ ಹಿಡಿದರು.

"ಅಮ್ಮ ಹೇಳೋದು ಸರಿ. ಒಂದೇ ಏಟು. ಇದನ್ನ ಸಣ್ಣಗೆ ಮಾಡೋದು ಹೇಗೆ ಸ್ವಾಮಿ? ಹೊಡೆದು ಕ್ಷಮೆ ಕೇಳ್ಲಾ?"

ಸಭಾಂಗಣ ನಕ್ಕಿತು. ಕೋಲಿನವರು ಪುಸ್ತಕದ ಹಿಂದಿನ ಹಾಳೆ ತೆಗೆದು ನೋಡಿದರು, ಬಹಳ ಹೊತ್ತು. ಆಮೇಲೆ ನನ್ನ ಕಡೆ ಕೈ ಮುಗಿದು ತಿರುಗಿ ನಿಂತರು. "ಕೊನೇ ಹತ್ತು ಮನೆ ಮತ್ತೆ" ಎಂದರು.

ಈ ಸಲ ಇಪ್ಪತ್ತೆರಡು ಜನ ಒಂದೇ ಏಟಿಗೆ ತಟ್ಟಿದರು. ಬೆಂಚಿನ ಹಲಗೆ ನನ್ನ ತೊಡೆಯ ಕೆಳಗೆ ಅದುರಿತು. ಸದ್ದು ತಟ್ಟೆಂದು ಬಂದು, ತುಂಬಿ ನಿಂತು, ನಿಂತುಹೋಯಿತು. ಕಿಟಕಿಯ ಗಾಜು ಮಾತ್ರ ಒಂದು ಕ್ಷಣ ಗುಂಯ್ ಎಂದಿತು. ನಾದಿನಿ ನನ್ನ ಮೊಣಕೈ ಹಿಡಿದಿದ್ದಳು. "ಅಣ್ಣನ ಕೈ ಗಟ್ಟಿಯಾಗಿತ್ತು ಅತ್ತಿಗೆ" ಎಂದಳು. ಹೌದು ಎಂದೆ.

ಹೊರಡುವಾಗ ಕೋಲಿನವರು ಬಾಗಿಲ ತನಕ ಬಂದರು. "ಸ್ವರ ಇನ್ನು ಯಂತ್ರದವರೇ ಬರೀಲಿ, ಬೇರೆ ದಾರಿ ಇಲ್ಲ. ಆದ್ರೆ ಬೀರು ತುಂಬ ಮಾಮನ ಹಾಳೆ ಇದೆ. ಅದನ್ನ ನೋಡ್ಕೊಳ್ಳೋಕೆ ಗುರುತಿನ ಅರ್ಥ ಗೊತ್ತಿರೋರು ಬೇಕು. ಬರ್ತೀರಾ?"

ನಾಲ್ಕನೇ ಕ್ಲಾಸಿನವಳನ್ನು ಹಾಗೆ ಕೇಳಿದರು. ಬರುತ್ತೇನೆ ಎಂದೆ. ಹೇಳಿಕೊಟ್ಟವರು ಇಲ್ಲ. ಅವರು ಹೇಳಿಕೊಟ್ಟದ್ದು ಒಂದೂ ದಂಡವಾಗಲಿಲ್ಲ. ಇದಕ್ಕಿಂತ ಹೆಚ್ಚಿಗೆ ನಾನು ಏನು ಕೇಳಲಿ.

ಈಗ ದಿನಾ ಬೆಳಗ್ಗೆ ಎಂಟಕ್ಕೆ ಹೋಗಿ ಬೀರು ತೆರೆಯುತ್ತೇನೆ. ನುಡಿಸುವವರು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ತಮ್ಮ ತಮ್ಮದು ಗೀಚಿರುತ್ತಾರೆ. ಕೊಳಲಿನವಳು ಪಿ ಪಕ್ಕ 'ಇನ್ನೂ' ಎಂದು ಬರೆದುಕೊಂಡಿರುತ್ತಾಳೆ. ಕಹಳೆಯವರು ಒಂದು ಕನ್ನಡಕದ ಚಿತ್ರ ಬಿಡಿಸಿರುತ್ತಾರೆ, ಕೋಲಿನ ಕಡೆ ಕಣ್ಣಿಡು ಎಂದು. ನಗಾರಿಯವರದು ಬರೀ ಎಣಿಕೆಯ ಗೀಟು. ಮುಂದೆ ನುಡಿಸುವವರಿಗೆ ಹಾಳೆ ಚೊಕ್ಕಟವಾಗಿ ಸಿಗಬೇಕು. ರಬ್ಬರು ಹಿಡಿದು ಒಂದೊಂದೇ ಅಳಿಸುತ್ತೇನೆ. ಮಸಿಯ ಮೇಲೆ ಕೈ ಹೋಗದ ಹಾಗೆ ಎಡ ಹೆಬ್ಬೆರಳು ಅಡ್ಡ ಇಟ್ಟುಕೊಂಡು, ಒಂದೇ ಕಡೆಗೆ, ಮೆಲ್ಲಗೆ. ಆಮೇಲೆ ರಬ್ಬರಿನ ಪುಡಿಯನ್ನು ಅಂಗೈಗೆ ಬಳಿದು ಕಿಟಕಿಯಿಂದ ಆಚೆ ಊದುತ್ತೇನೆ.